ಅಣು ಕರೆಂಟು ಇನ್ನೂ ಬೇಕಾ? ತಮ್ಮನ ‘ಹೌದು’, ಅಕ್ಕನ ‘ಬೇಡ’

ಪರ: ಮೊದಲು ‘ಎಷ್ಟು’ ಅಂತ ಕೇಳಿ

ನಾನು ಹಾಸನದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಎರಡನೇ ವರ್ಷದ ಪುಸ್ತಕದಲ್ಲಿ ನ್ಯೂಕ್ಲಿಯಸ್ ಪಾಠ ಬರುವುದು ಕೊನೆಯ ಕಡೆಗೆ. ಅಷ್ಟು ಹೊತ್ತಿಗೆ ಮಕ್ಕಳಿಗೆ ಪರೀಕ್ಷೆಯ ಬಿಸಿ ಹತ್ತಿರುತ್ತದೆ. ಆದರೂ ಆ ಪಾಠದಲ್ಲಿ ಹಿಂದಿನ ಬೆಂಚಿನಿಂದಲೂ ಕೈ ಏಳುತ್ತದೆ. “ಸಾರ್, ಕೈಗಾದಲ್ಲಿ ಕೆಲಸ ಮಾಡಿದ್ರೆ ಮಕ್ಕಳಾಗಲ್ವಂತೆ, ನಿಜಾನಾ?” “ರಿಯಾಕ್ಟರ್ ಬಾಂಬ್ ಥರ ಸಿಡಿಯುತ್ತಾ ಸಾರ್?” “ಎಕ್ಸ್‌ರೇ ತೆಗೆಸಿಕೊಂಡವರ ಪಕ್ಕ ಕೂತ್ರೆ ನಮಗೂ ತಗಲುತ್ತಾ?” ಇವು ಸುಮ್ನೆ ಕೇಳುವ ಪ್ರಶ್ನೆಗಳಲ್ಲ. ಮನೆಯಲ್ಲಿ, ಬಸ್ಸಿನಲ್ಲಿ ಕೇಳಿದ್ದನ್ನು ಹೊತ್ತು ತಂದಿರುತ್ತಾರೆ.

ಕೈಗಾದಲ್ಲಿ ಅಣುಸ್ಥಾವರ ಇರುವ ಕರ್ನಾಟಕಕ್ಕೆ ಇನ್ನಷ್ಟು ಅಣು ವಿದ್ಯುತ್ ಬೇಕೇ ಅನ್ನುವ ಮಾತು ನನಗೂ ನನ್ನ ಅಕ್ಕನಿಗೂ ಬಹಳ ದಿನದಿಂದ ನಡೆದಿದೆ. ಅಕ್ಕ ಮೂಡಿಗೆರೆ ಕಡೆ ಕಾಫಿ ತೋಟ ನೋಡಿಕೊಳ್ಳುತ್ತಾಳೆ. ನಾನು ಬೇಕು ಅನ್ನುವವನು, ಅವಳು ಬೇಡ ಅನ್ನುವವಳು. ಅವಳ ಮಾತನ್ನು ಕೆಳಗೆ ಅವಳೇ ಬರೆದಿದ್ದಾಳೆ. ನಾನು ಮಕ್ಕಳ ಪ್ರಶ್ನೆಗಳಿಂದಲೇ ಶುರು ಮಾಡುತ್ತೇನೆ. ಅವಕ್ಕೆ ಉತ್ತರ ಗೊತ್ತಾಗದೆ ಬೇಕು, ಬೇಡ ಎರಡನ್ನೂ ಹೇಳಬಾರದು ಅನ್ನುವುದು ನನ್ನ ನಂಬಿಕೆ.

ವಿಕಿರಣಶೀಲತೆ ಅಂದರೆ ಏನು? ಒಗ್ಗರಣೆಗೆ ಸಾಸಿವೆ ಹಾಕುವುದನ್ನು ನೆನೆಸಿಕೊಳ್ಳಿ. ಯಾವ ಕಾಳು ಈಗ ಸಿಡಿಯುತ್ತದೆ ಅಂತ ಯಾರೂ ಹೇಳಲಾರರು. ಆದರೆ ಇಡೀ ಹಿಡಿ ಸಾಸಿವೆ ಎಷ್ಟು ಹೊತ್ತಿಗೆ ಸಿಡಿದು ಮುಗಿಯುತ್ತದೆ ಅನ್ನುವುದು ಅಮ್ಮನಿಗೆ ಗೊತ್ತು. ಕೆಲವು ಪರಮಾಣುಗಳೂ ಹೀಗೆಯೇ. ಒಂದೊಂದಾಗಿ ಸಿಡಿದು ಬೇರೆ ಪರಮಾಣುವಾಗುತ್ತವೆ, ಸಿಡಿಯುವಾಗ ಕಿರಣ ಬಿಡುತ್ತವೆ. ಅರ್ಧ ಪಾಲು ಸಿಡಿಯಲು ಬೇಕಾದ ಹೊತ್ತೇ ಅರ್ಧಾಯುಷ್ಯ. ಅಯೋಡಿನ್-131ಕ್ಕೆ 8 ದಿನ. ಸೀಸಿಯಂ-137ಕ್ಕೆ 30 ವರ್ಷ. ಪ್ಲುಟೋನಿಯಂ-239ಕ್ಕೆ 24,100 ವರ್ಷ. ಒಂದು ವ್ಯತ್ಯಾಸ ಇದೆ. ಸಾಸಿವೆಗೆ ಒಲೆಯ ಬಿಸಿ ಬೇಕು, ಇವಕ್ಕೆ ಏನೂ ಬೇಡ. ಬೆಂಕಿ ಹಾಕಿದರೂ, ಮಂಜುಗಡ್ಡೆಯಲ್ಲಿ ಇಟ್ಟರೂ ಅವುಗಳ ವೇಗ ಬದಲಾಗುವುದಿಲ್ಲ. ಇದನ್ನು 1896ರಲ್ಲಿ ಮೊದಲು ಕಂಡವರು ಫ್ರಾನ್ಸಿನ ಬೆಕೆರೆಲ್. ಎರಡು ವರ್ಷಕ್ಕೆ ಮೇರಿ ಕ್ಯೂರಿ ಮತ್ತು ಪಿಯರೆ ಕ್ಯೂರಿ ಪೊಲೋನಿಯಂ, ರೇಡಿಯಂ ಕಂಡುಹಿಡಿದರು.

ಇನ್ನು ತಗಲುವ ಪ್ರಶ್ನೆ. ಸೆಗಣಿಯ ವಾಸನೆ ಮೂಗಿಗೆ ಬಡಿಯುವುದು ಬೇರೆ, ಸೆಗಣಿ ಮೆಟ್ಟಿ ಅದೇ ಕಾಲಲ್ಲಿ ಒಳಗೆ ಬರುವುದು ಬೇರೆ. ಎಕ್ಸ್‌ರೇ ಮೊದಲನೆಯ ಥರ. ಕಿರಣ ಬಂತು, ದಾಟಿ ಹೋಯಿತು. ನೀವು ಬೇರೆಯವರಿಗೆ ಅದನ್ನು ಹಂಚುವುದಿಲ್ಲ. ಅಪಾಯ ಇರುವುದು ಎರಡನೆಯದರಲ್ಲಿ. ಕಿರಣ ಬಿಡುವ ದೂಳೇ ಮೈಗೆ, ಹುಲ್ಲಿಗೆ, ಹಾಲಿಗೆ ಸೇರಿದರೆ ಅದು ನಮ್ಮ ಜೊತೆಯೇ ಉಳಿಯುತ್ತದೆ. 1986ರಲ್ಲಿ ಅಣುಸ್ಥಾವರ ಸಿಡಿದ ಚೆರ್ನೋಬಿಲ್‌ನಲ್ಲಿ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂದಿದ್ದು ಹಾಲಿನಲ್ಲಿ ಸೇರಿದ ಅಯೋಡಿನ್-131ರಿಂದ. ಆ ಹಾಲನ್ನು ಕೆಲವು ವಾರ ನಿಲ್ಲಿಸಿದ್ದರೆ ಬಹಳ ಮಕ್ಕಳು ಪಾರಾಗುತ್ತಿದ್ದರು. ಅಲ್ಲಿನವರು ಹೊತ್ತಿಗೆ ಸರಿಯಾಗಿ ಹೇಳಲಿಲ್ಲ.

ಹಾಗಾದರೆ ಎಷ್ಟು ಕಿರಣ ಜಾಸ್ತಿ, ಎಷ್ಟು ಕಡಿಮೆ? ಇಲ್ಲಿಯೇ ನಾನು ಬೋರ್ಡಿನ ಮೇಲೆ ದೊಡ್ಡದಾಗಿ ‘ಎಷ್ಟು?’ ಅಂತ ಬರೆಯುವುದು. ವಿಕಿರಣವನ್ನು ಮೈಮೇಲೆ ಅಳೆಯುವ ಮಾನ ಮಿಲಿಸೀವರ್ಟ್. ನೆಲದಿಂದ, ಆಕಾಶದಿಂದ, ಊಟದಿಂದ, ಉಸಿರಿನಿಂದ ಲೋಕದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಿಗುತ್ತದೆ. ಇದಕ್ಕೆ ಯಾವ ಸ್ಥಾವರವೂ ಬೇಡ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂನಲ್ಲಿ ಒಂದು ಚೂರು ವಿಕಿರಣಶೀಲ. ಅದು ಪ್ರತಿ ಸೆಕೆಂಡಿಗೆ 4,000ಕ್ಕೂ ಹೆಚ್ಚು ಸಲ ಸಿಡಿಯುತ್ತಲೇ ಇರುತ್ತದೆ. ನೀವು ಇದನ್ನು ಓದುವಾಗಲೂ. ಶ್ರವಣಬೆಳಗೊಳದ ಬೆಟ್ಟ ಹತ್ತಿದರೆ ಕಾಲ ಕೆಳಗಿನ ಕಣಶಿಲೆಯಲ್ಲೂ ಯುರೇನಿಯಂ, ಥೋರಿಯಂ ಚೂರುಪಾರು ಇರುತ್ತದೆ. ಬರಿಗಾಲಲ್ಲಿ ಹತ್ತಿ ಬಂದ ಯಾತ್ರಿಕರಿಗೆ ಏನೂ ಆಗಿಲ್ಲ.

ಕೇರಳದ ಕರುನಾಗಪ್ಪಳ್ಳಿಯ ಕಡಲ ಮರಳಿನಲ್ಲಿ ಮೊನಾಜೈಟ್ ಅನ್ನುವ ಖನಿಜ ಇದೆ, ಅದರಲ್ಲಿ ಥೋರಿಯಂ ಇದೆ. ಅಲ್ಲಿ ಕೆಲವು ಮನೆಗಳಲ್ಲಿ ವಿಕಿರಣ ಲೋಕದ ಸರಾಸರಿಯ ಹಲವು ಪಟ್ಟು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಆ ಊರುಗಳ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದರು. 2009ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಈ ಕಾರಣಕ್ಕೆ ಕ್ಯಾನ್ಸರ್ ಜಾಸ್ತಿಯಾದದ್ದು ಕಂಡುಬರಲಿಲ್ಲ. ಅಣುಸ್ಥಾವರದಿಂದ ಸುತ್ತಲಿನ ಜನರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ದಾಟಬಾರದು ಅಂತ ನಮ್ಮ ನಿಯಮ. ಕೆಲಸಗಾರರಿಗೆ ಐದು ವರ್ಷಕ್ಕೆ 100, ಯಾವುದೇ ಒಂದು ವರ್ಷದಲ್ಲಿ 30. ಮಕ್ಕಳಾಗಲ್ವಂತೆ ಅಂದ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಕೈಗಾದವರ ಟೌನ್‌ಶಿಪ್‌ನಲ್ಲಿ ಒಂದು ಶಾಲೆ ಇದೆ ಕಣೋ, ಅಲ್ಲಿ ಓದುವುದು ಅವರ ಮಕ್ಕಳೇ.

ಬಾಂಬ್ ವಿಷಯ ಬೇಗ ಮುಗಿಸುತ್ತೇನೆ. ಗಣಿಯಿಂದ ಬಂದ ಯುರೇನಿಯಂನಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ನೂರಕ್ಕೆ 0.7 ಪಾಲು. ಬಾಂಬಿಗೆ ಅದನ್ನು ತೊಂಬತ್ತರ ಆಸುಪಾಸಿಗೆ ಏರಿಸಬೇಕು. ಕೈಗಾದಲ್ಲಿ ಏರಿಸದ ಯುರೇನಿಯಂ ಅನ್ನೇ ಭಾರಜಲದ (ಭಾರದ ಹೈಡ್ರೋಜನ್ ಇರುವ ನೀರಿನ) ನೆರವಿನಿಂದ ಉರಿಸುತ್ತಾರೆ. ಅದು ಬಾಂಬ್ ಆಗಲಾರದು. ಮಿತಿ ಮೀರಿ ಬಿಸಿಯಾಗಬಹುದು, ಅದು ಬೇರೆ ಅಪಾಯ, ಅದಕ್ಕೇ ಎರಡು ಪದರದ ಕಾಂಕ್ರೀಟ್ ಕವಚ. ಚೆರ್ನೋಬಿಲ್‌ನಲ್ಲಿ ಅಂಥ ಕವಚ ಇರಲಿಲ್ಲ. ಇನ್ನುಳಿದದ್ದು ನೀರು ಕಾಯಿಸುವ ಕೆಲಸ. ಬಚ್ಚಲ ಹಂಡೆಯ ಕೆಳಗೆ ಸೌದೆ ಬದಲು ಯುರೇನಿಯಂ ಇಟ್ಟ ಹಾಗೆ. ಆವಿ ಎದ್ದು ಟರ್ಬೈನ್ ತಿರುಗಿಸುತ್ತದೆ.

ಆ ಸೌದೆ ಎಷ್ಟು ಕಮ್ಮಿ ಬೇಕು ಅನ್ನುವುದೇ ನನಗೆ ಪ್ರತಿ ವರ್ಷ ಹೊಸದಾಗಿ ಬೆರಗು ತರುವ ಸಂಗತಿ. ಕೈಗಾದ ಇಂಧನದ ಒಂದು ಕಟ್ಟು ಅರ್ಧ ಮೀಟರ್ ಉದ್ದ, ತೂಕ ಸುಮಾರು 16 ಕಿಲೋ. ಒಬ್ಬ ಹುಡುಗ ಎತ್ತಬಹುದು. ಅದರಿಂದ ಹತ್ತಿರ ಹತ್ತಿರ 6 ಲಕ್ಷ ಯೂನಿಟ್ ಕರೆಂಟ್ ಬರುತ್ತದೆ. ತಿಂಗಳಿಗೆ 100 ಯೂನಿಟ್ ಉರಿಸುವ 500 ಮನೆಗಳಿಗೆ ಒಂದು ವರ್ಷ ಸಾಕು. ಅಷ್ಟೇ ಕರೆಂಟ್ ಕಲ್ಲಿದ್ದಲಿನಿಂದ ತೆಗೆಯಲು 400 ಟನ್ ಬೇಕು. ಹತ್ತು ಟನ್ನಿನ ಲಾರಿಯಲ್ಲಿ 40 ಲೋಡು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿಯೇ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಸುತ್ತ ಇರುವವರನ್ನು ಕೇಳಿ, ಬೂದಿ ಅಂದರೇನು ಅಂತ ಹೇಳುತ್ತಾರೆ. ಆ ಹೊಗೆ ಯಾರ ಎದೆಗೂ ಲೆಕ್ಕ ಕೊಡದೆ ಹೋಗುತ್ತದೆ. ಅಣುಸ್ಥಾವರದ ಕಸ ಕಮ್ಮಿ, ಅದನ್ನು ಎಣಿಸಿ ಇಡುತ್ತಾರೆ. ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಸಿ, ಬೇಕಾದ್ದನ್ನು ಬೇರ್ಪಡಿಸಿ, ಉಳಿದದ್ದನ್ನು ಗಾಜಿನಲ್ಲಿ ಕರಗಿಸಿ ಗಟ್ಟಿ ಮಾಡುತ್ತಾರೆ. ಫಿನ್ಲೆಂಡಿನವರು ಬಳಸಿದ ಇಂಧನ ಹೂಳಲು 400 ಮೀಟರ್‌ಗೂ ಕೆಳಗೆ ಬಂಡೆಯಲ್ಲಿ ಸುರಂಗ ಕೊರೆದಿದ್ದಾರೆ.

ಕೈಗಾದ ಒಂದನೇ ಘಟಕ 2016ರ ಮೇ ತಿಂಗಳಲ್ಲಿ ಮತ್ತೆ ಶುರುವಾದದ್ದು 2018ರ ಡಿಸೆಂಬರ್ 31ರ ತನಕ ನಿಲ್ಲಲೇ ಇಲ್ಲ. 962 ದಿನ. ಮೂರು ಮಳೆಗಾಲ. ಆಗ ಅದು ಲೋಕದ ದಾಖಲೆ, ಮುಂದೆ ಕೆನಡಾದ ಒಂದು ರಿಯಾಕ್ಟರ್ ಮುರಿಯಿತು. 220 ಮೆಗಾವಾಟ್‌ನ ಆ ಒಂದು ಘಟಕ ಅಷ್ಟು ದಿನದಲ್ಲಿ ಸುಮಾರು 500 ಕೋಟಿ ಯೂನಿಟ್ ಕೊಟ್ಟಿತು. ಇದನ್ನು ನಡೆಸಿದವರು ನಮ್ಮ ಹುಡುಗರು, ನಮ್ಮ ಪಿಯು ಕಾಲೇಜುಗಳಲ್ಲಿ ಓದಿದವರು. ನನಗೆ ಹೆಮ್ಮೆ ಇದೆ.

ಸೋಲಾರ್ ಇದೆಯಲ್ಲ ಅಂತೀರಿ. ಇರಲಿ, ಇನ್ನೂ ಬರಲಿ. ಪಾವಗಡದ 2,050 ಮೆಗಾವಾಟ್ ಪಾರ್ಕ್ ನೋಡಿ ಬಂದು ಮಕ್ಕಳಿಗೆ ಹೇಳಿದವನು ನಾನು. ಆದರೆ ಅದಕ್ಕೆ ಹಿಡಿದ ನೆಲ 13,000 ಎಕರೆ, ಮತ್ತು ಸಂಜೆ ಆರೂವರೆಗೆ ಅದು ಮಲಗುತ್ತದೆ. ನಮ್ಮ ಮನೆಗಳಲ್ಲಿ ದೀಪ, ಮಿಕ್ಸಿ, ಟಿವಿ ಏಳುವುದೇ ಆಗ. ನೀರಿನ ಕರೆಂಟ್ ಒಳ್ಳೆಯದು, ಆದರೆ ಮಳೆ ಬರಬೇಕು. 2023ರಲ್ಲಿ ಮಳೆ ಕೈಕೊಟ್ಟಿತು. ಅರಸೀಕೆರೆ ಕಡೆಯ ನನ್ನ ವಿದ್ಯಾರ್ಥಿಯೊಬ್ಬನ ಅಪ್ಪ ತ್ರೀ ಫೇಸ್ ಬರುವುದನ್ನೇ ಕಾಯುತ್ತಾ ರಾತ್ರಿ ಹೊಲದಲ್ಲಿ ಮಲಗುತ್ತಿದ್ದರು. ಆ ಹುಡುಗ ಕ್ಲಾಸಿನಲ್ಲಿ ತೂಕಡಿಸುತ್ತಿದ್ದ. ಅಪ್ಪನಿಗೆ ಜೊತೆಯಾಗಿ ಹೋಗುತ್ತಿದ್ದನಂತೆ. ಇನ್ನು ಹೊಸ ಅಣೆಕಟ್ಟು ಕಟ್ಟೋಣ ಅಂದರೆ ಗೊರೂರು ಕಟ್ಟೆಯ ಹಿನ್ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿ ಚರ್ಚ್ ಒಮ್ಮೆ ನೋಡಿ ಬನ್ನಿ. ಗೊರೂರು ಕಟ್ಟೆ ಕಟ್ಟಿದ್ದು ನೀರಾವರಿಗೆ, ಕರೆಂಟಿಗಲ್ಲ. ಆದರೆ ನೀರು ನಿಂತ ಕಡೆ ಊರಿಗೆ ಏನಾಗುತ್ತದೆ ಅನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ನಮ್ಮ ಜಿಲ್ಲೆಯಲ್ಲಿ ಮುಳುಗಡೆ ಸಂತ್ರಸ್ತರು ಅನ್ನುವ ಮಾತು ಇನ್ನೂ ಬಾಯಲ್ಲಿ ಉಳಿದಿದೆ.

ಕಾಡು ಕಡಿದು ಹೊಸ ಜಾಗದಲ್ಲಿ ಸ್ಥಾವರ ಕಟ್ಟಿ ಅಂತ ನಾನು ಹೇಳುವುದಿಲ್ಲ. 2017ರಲ್ಲಿ ಕೇಂದ್ರ ಸಂಪುಟ 700 ಮೆಗಾವಾಟ್‌ನ 10 ರಿಯಾಕ್ಟರ್‌ಗಳಿಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಎರಡು ಕೈಗಾದ ಈಗಿನ ಆವರಣಕ್ಕೇ ಬರುತ್ತವೆ. ಈಗ ಅಲ್ಲಿರುವುದು ನಾಲ್ಕೂ ಸೇರಿ 880 ಮೆಗಾವಾಟ್. ಆ ಎರಡೇ ಸೇರಿದರೆ 1,400. ಅಲ್ಲಿ ಕಟ್ಟಲಿ, ಗಟ್ಟಿಯಾಗಿ ಕಟ್ಟಲಿ, ಸುತ್ತಲಿನ ಮೀಟರ್‌ಗಳು ತೋರಿಸುವ ಅಂಕಿ ದಿನಾ ಜನರಿಗೆ ಕನ್ನಡದಲ್ಲಿ ಸಿಗಲಿ. ಆಗ ನನ್ನ ಮಕ್ಕಳು ಬಸ್ಸಿನಲ್ಲಿ ಕೇಳಿದ್ದನ್ನು ತಂದು ನನ್ನನ್ನು ಕೇಳುವುದಿಲ್ಲ. ಅಂಕಿ ನೋಡಿ ಅವರೇ ಬಸ್ಸಿನಲ್ಲಿ ಹೇಳುತ್ತಾರೆ.

ವಿರೋಧ: ‘ಯಾರು ಕಾಯ್ತಾರೆ’ ಅಂತ ನಾನು ಕೇಳ್ತೀನಿ

ನಮ್ಮ ತೋಟದ ಮನೆಯಲ್ಲಿ ಒಂದು ಮಳೆ ಪುಸ್ತಕ ಇದೆ. ಅಜ್ಜ ಶುರು ಮಾಡಿದ್ದು, ಮಾವ ಮುಂದುವರಿಸಿದ್ದು, ಈಗ ನನ್ನ ಕೈಯಲ್ಲಿದೆ. ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದ ಅಳತೆ ಪಾತ್ರೆ ತೆಗೆದು ಎಷ್ಟು ಇಂಚು, ಎಷ್ಟು ಸೆಂಟ್ಸ್ (ಇಂಚಿನ ನೂರನೇ ಪಾಲು) ಅಂತ ಬರೆಯುತ್ತೇವೆ. ಮಲೆನಾಡಿನ ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, ‘ಎಷ್ಟು’ ಅಂತ ಕೇಳುವುದು ನನಗೂ ಗೊತ್ತು. ತಮ್ಮ ಕೊಟ್ಟ ಲೆಕ್ಕದಲ್ಲಿ ತಪ್ಪು ಹುಡುಕಲು ನಾನು ಹೋಗುವುದಿಲ್ಲ. ಮೈಯೊಳಗಿನ ಪೊಟ್ಯಾಸಿಯಂನ ವಿಕಿರಣಕ್ಕೆ ನಾನು ಹೆದರುವವಳೂ ಅಲ್ಲ. ನನ್ನ ಪ್ರಶ್ನೆ ಬೇರೆ.

ನಮ್ಮ ತೋಟದಿಂದ ಕುದುರೆಮುಖ ದೂರ ಇಲ್ಲ. ನಾನು ಮದುವೆಯಾಗಿ ಬಂದಾಗ ಅಲ್ಲಿ ಕಬ್ಬಿಣದ ಅದಿರಿನ ಗಣಿ ಜೋರಾಗಿ ನಡೆಯುತ್ತಿತ್ತು. ಟೌನ್‌ಶಿಪ್, ಆಸ್ಪತ್ರೆ, ಶಾಲೆ, ಬೀದಿ ದೀಪ, ಎಲ್ಲ ಇತ್ತು. ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಕೆಲಸ ಸಿಕ್ಕಿತ್ತು. ಅದಿರು ತೊಳೆದ ಕೆಸರನ್ನು ಹಿಡಿದಿಡಲು ಲಕ್ಯಾ ಹೊಳೆಗೆ ಅಡ್ಡ ಕಟ್ಟೆ ಕಟ್ಟಿದ್ದರು, 100 ಮೀಟರ್ ಎತ್ತರದ್ದು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಯ ದಿನ ಗಣಿ ನಿಂತಿತು. ಜನ ಹೋದರು, ಮನೆಗಳು ಖಾಲಿಯಾದವು. ಕೆಸರು ಎಲ್ಲಿಗೂ ಹೋಗಲಿಲ್ಲ. ವರ್ಷಕ್ಕೆ 200 ಇಂಚು ದಾಟುವ ಮಳೆ ಬೀಳುವ ಜಾಗದಲ್ಲಿ, ಭದ್ರೆಯ ನೆತ್ತಿಯ ಮೇಲೆ, ಅದು ಹಾಗೇ ಕೂತಿದೆ. ಪ್ರತಿ ಮಳೆಗಾಲ ಆ ಕಟ್ಟೆಯನ್ನು ಯಾರಾದರೂ ಕಾಯಲೇಬೇಕು. ನನ್ನ ಮೊಮ್ಮಕ್ಕಳ ಕಾಲಕ್ಕೂ ಕಾಯಬೇಕು.

ಅದಿರು ತೆಗೆದದ್ದು ಮೂವತ್ತು ವರ್ಷವೂ ಪೂರ್ತಿ ಇಲ್ಲ. ಕಾಯುವುದಕ್ಕೆ ಮಾತ್ರ ಕೊನೆಯ ದಿನ ಇಲ್ಲ. ಅದು ಬರೀ ಮಣ್ಣಿನ ಕೆಸರು. ಅಣುಸ್ಥಾವರದ ಕಸ ಅದಕ್ಕಿಂತ ಎಷ್ಟೋ ಕಮ್ಮಿ ಅಂತ ತಮ್ಮ ಹೇಳುತ್ತಾನೆ. ಒಪ್ಪಿದೆ. ಆದರೆ ಎಷ್ಟು ದಿನ ಕಾಯಬೇಕು ಅಂತ ಅವನೇ ಬೋರ್ಡಿನ ಮೇಲೆ ಬರೆಯುತ್ತಾನಲ್ಲ, 24,100 ವರ್ಷ, ಅದೂ ಅರ್ಧ ಆಗುವುದಕ್ಕೆ.

ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಪಕ್ಕದ ಬೇಲೂರು ತಾಲ್ಲೂಕಿನಲ್ಲಿ. ಸುಮಾರು ಕ್ರಿ.ಶ. 450ರದ್ದು, ಕನ್ನಡದ ತೀರ ಹಳೆಯ ಶಾಸನಗಳಲ್ಲಿ ಒಂದು. ಅದು ನಮ್ಮದೇ ಭಾಷೆ. ಅದನ್ನು ಕಲ್ಲಿನ ಮೇಲೆ ಕೆತ್ತಿಸಿದವರು ಮುಂದೆ ಬರುವವರೆಲ್ಲ ಓದುತ್ತಾರೆ ಅಂತಲೇ ಕೆತ್ತಿಸಿದರು. ಇವತ್ತು ಅದರ ಮುಂದೆ ನಿಂತರೆ ನನಗೆ ಒಂದು ಅಕ್ಷರ ಬರುವುದಿಲ್ಲ. ಪಂಡಿತರು ಓದಿ ಅರ್ಥ ಹೇಳಬೇಕು. ಇದು 1,500 ವರ್ಷಕ್ಕೆ ಆದ ಕಥೆ. ‘ಇಲ್ಲಿ ಅಗೆಯಬೇಡಿ’ ಅಂತ ಒಂದು ಮಾತನ್ನು 24,000 ವರ್ಷದಾಚೆಗೆ ದಾಟಿಸುವುದು ಹೇಗೆ? ಯಾವ ಲಿಪಿಯಲ್ಲಿ? ಫಿನ್ಲೆಂಡಿನವರ ಸುರಂಗ ಒಳ್ಳೆಯ ಕೆಲಸವೇ. ನಮ್ಮ ದೇಶದಲ್ಲಿ ಅಂಥದ್ದು ಇನ್ನೂ ಇಲ್ಲ.

ಅಷ್ಟು ದೂರ ಬೇಡ, ಸೀಸಿಯಂ ತೆಗೆದುಕೊಳ್ಳಿ. 30 ವರ್ಷಕ್ಕೆ ಅರ್ಧ. ಸಾವಿರಕ್ಕೆ ಒಂದು ಪಾಲಿಗೆ ಇಳಿಯಲು 300 ವರ್ಷ ಬೇಕು. ಬಾಬಾಬುಡನ್ ನಮ್ಮ ಬೆಟ್ಟಕ್ಕೆ ಕಾಫಿ ಬೀಜ ತಂದದ್ದು ಹದಿನೇಳನೇ ಶತಮಾನದಲ್ಲಿ ಅನ್ನುತ್ತಾರೆ. ಅವರು ನೆಟ್ಟ ದಿನ ಈ ಮಣ್ಣಿಗೆ ಸೀಸಿಯಂ ಬಿದ್ದಿದ್ದರೆ ಅದು ತೀರುವ ಹೊತ್ತಿಗೆ ನಾವು ಹುಟ್ಟಿದ ಹಾಗೆ.

ಸೀಸಿಯಂ ಬಗ್ಗೆ ನಾನು ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಅದು ಕೃಷಿಕರ ವಿಷಯ. 1986ರ ಏಪ್ರಿಲ್ 26ಕ್ಕೆ ಚೆರ್ನೋಬಿಲ್ ಸಿಡಿಯಿತು. ಅಲ್ಲಿಂದ 2,000 ಕಿಲೋಮೀಟರ್‌ಗೂ ಆಚೆ ಬ್ರಿಟನ್ನಿನ ವೇಲ್ಸ್ ಬೆಟ್ಟಗಳಿವೆ. ಮೋಡ ಅಲ್ಲಿಗೆ ಬಂದ ಹೊತ್ತಿಗೇ ಮಳೆ ಹುಯ್ದಿತು. ಸೀಸಿಯಂ ಹುಲ್ಲಿಗೆ ಇಳಿಯಿತು, ಕುರಿ ಮೇಯಿತು. ಕೆಲವು ವಾರ ತಡೆದರೆ ಸಾಕು ಅಂದುಕೊಂಡಿದ್ದರು. ಆ ಬೆಟ್ಟದ ಕುರಿಗಳ ಮೇಲಿನ ನಿರ್ಬಂಧ ಪೂರ್ತಿ ತೆಗೆದದ್ದು 2012ರಲ್ಲಿ. ಇಪ್ಪತ್ತಾರು ವರ್ಷ! ಕಾರಣ ಕೇಳಿದರೆ ನಮ್ಮ ಕಡೆಯ ಯಾವ ಬೆಳೆಗಾರನಿಗೂ ಎದೆ ಝಲ್ ಅನ್ನುತ್ತದೆ. ಅಲ್ಲಿನದು ಜಾಸ್ತಿ ಮಳೆಯ, ಹುಳಿ ಮಣ್ಣು. ಅಂಥ ಮಣ್ಣು ಸೀಸಿಯಂ ಅನ್ನು ಗಟ್ಟಿಯಾಗಿ ಹಿಡಿದಿಡುವುದಿಲ್ಲ. ಗಿಡ ಅದನ್ನು ಪೊಟ್ಯಾಶ್ (ಪೊಟ್ಯಾಸಿಯಂ ಗೊಬ್ಬರ) ಅಂದುಕೊಂಡು ಎಳೆದುಕೊಳ್ಳುತ್ತದೆ. ಮಣ್ಣಿನಲ್ಲಿ ಪೊಟ್ಯಾಶ್ ಕಮ್ಮಿಯಾದಷ್ಟೂ ಜಾಸ್ತಿ ಎಳೆಯುತ್ತದೆ. ನಮ್ಮ ತೋಟಗಳಿಗೆ ನಾವು ಸುಣ್ಣ ಹಾಕುವುದು ಯಾಕೆ? ಹುಳಿ ಇಳಿಸಲಿಕ್ಕೆ. ಪೊಟ್ಯಾಶ್ ಹಾಕುವುದು ಯಾಕೆ? ಮಳೆಗೆ ಕೊಚ್ಚಿ ಹೋಗುತ್ತದೆ ಅಂತ. ಚೆರ್ನೋಬಿಲ್ ಸುತ್ತಲಿನ ಹೊಲಗಳಿಗೂ ಆಮೇಲೆ ಹಾಕಿದ್ದು ಅದೇ ಸುಣ್ಣ, ಅದೇ ಪೊಟ್ಯಾಶ್. ಕಾಡಿಗೆ ಹಾಕಲು ಆಗಲಿಲ್ಲ. ಅಲ್ಲಿ ಅಣಬೆಯಲ್ಲಿ ಸೀಸಿಯಂ ತುಂಬಿಕೊಂಡಿತು. ಮುಂಗಾರಿನಲ್ಲಿ ಅಣಬೆ ಎದ್ದರೆ ಬುಟ್ಟಿ ಹಿಡಿದು ಓಡುವ ಮಕ್ಕಳು ನಮ್ಮ ತೋಟದ ಕೂಲಿಯವರ ಲೈನ್ ಮನೆಗಳಲ್ಲೂ ಇದ್ದಾರೆ.

ಕೈಗಾ ಇರುವುದೂ ಇದೇ ಪಶ್ಚಿಮಘಟ್ಟದಲ್ಲಿ, ಕಾಳಿ ನದಿಯ ದಡದಲ್ಲಿ, ಇದೇ ಥರ ಹುಯ್ಯುವ ಮಳೆಯ ಕೆಳಗೆ. ಅಲ್ಲಿ ಬೇಡ ಅಂತ ಆಗಲೇ ಹೇಳಿದವರಿದ್ದರು. ಶಿವರಾಮ ಕಾರಂತರು ಆ ವಯಸ್ಸಿನಲ್ಲಿ 1989ರ ಲೋಕಸಭೆ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು. ಸೋತರು, ಆದರೆ ಮಾತು ಉಳಿಯಿತು.

ಸರಿಯಾಗಿ ನಡೆಸಿದರೆ ಇದೆಲ್ಲ ಆಗುವುದಿಲ್ಲ ಅಂತ ತಮ್ಮ ಹೇಳುತ್ತಾನೆ. 962 ದಿನ ನಡೆಸಿದ್ದಾರೆ, ಅದು ದೊಡ್ಡ ಮಾತು, ಆ ಹುಡುಗರಿಗೆ ನನ್ನದೂ ನಮಸ್ಕಾರ. ಅದೇ ಕೈಗಾದಲ್ಲಿ 1994ರಲ್ಲಿ, ಇನ್ನೂ ಕಟ್ಟುತ್ತಿರುವಾಗ, ಕವಚದ ಗುಮ್ಮಟದ ಒಳಭಾಗದ ಕಾಂಕ್ರೀಟ್ ಕಳಚಿ ಬಿತ್ತು. ನಡೆಯುತ್ತಿರುವಾಗ ಬಿದ್ದಿದ್ದರೆ? 2009ರ ನವೆಂಬರ್‌ನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಸೇರಿದ ಭಾರಜಲ ಬೆರೆತು 50ಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋಯಿತು. ಒಳಗಿನವರೇ ಯಾರೋ ಬೆರೆಸಿದ್ದು ಅಂತ ಸರ್ಕಾರವೇ ಹೇಳಿತು. ಯಂತ್ರ ಕೆಟ್ಟಿರಲಿಲ್ಲ, ಗೋಡೆ ಒಡೆದಿರಲಿಲ್ಲ. ಒಬ್ಬ ಮನುಷ್ಯನ ಮನಸ್ಸು ಕೆಟ್ಟಿತ್ತು. ಎರಡು ಪದರದ ಕಾಂಕ್ರೀಟ್ ಅದಕ್ಕೆ ಏನು ಮಾಡುತ್ತದೆ?

2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ಆದದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಒಂದು ವಿಶ್ವವಿದ್ಯಾಲಯದವರು ಹಳೇ ಸಾಮಾನು ಹರಾಜು ಹಾಕಿದರು. ಅದರೊಳಗೆ ಕಿರಣ ಬಿಡುವ ಕೋಬಾಲ್ಟ್-60 ಇತ್ತು. ಅದು ಇದೆ ಅಂತ ಯಾರಿಗೂ ನೆನಪಿರಲಿಲ್ಲ. ಗುಜರಿಯಲ್ಲಿ ಬಿಚ್ಚಿದ ಕೂಲಿಗಳ ಕೈ ಸುಟ್ಟಿತು, ಒಬ್ಬರು ಸತ್ತರು. ಓದಿದವರೇ ತುಂಬಿರುವ ಜಾಗದಲ್ಲಿ, ಕೆಲವೇ ದಶಕದಲ್ಲಿ ಮರೆತರು. ನನಗೆ ವಿಕಿರಣದ ಭಯ ಅಲ್ಲ, ಈ ಮರೆವಿನ ಭಯ.

ಕಾಯುವವರನ್ನು ಕಾಯುವವರು ಯಾರು? ಅಣುಸ್ಥಾವರಗಳ ಸುರಕ್ಷತೆ ನೋಡಬೇಕಾದ ನಿಯಂತ್ರಣ ಮಂಡಳಿಗೆ ಪೂರ್ತಿ ಸ್ವಾತಂತ್ರ್ಯ ಇಲ್ಲ ಅಂತ 2012ರಲ್ಲಿ ಸಿಎಜಿ ವರದಿ ಹೇಳಿತು. ಇದನ್ನು ಹೇಳಿದ್ದು ಚಳವಳಿಗಾರರಲ್ಲ, ಸರ್ಕಾರದ ಲೆಕ್ಕ ನೋಡುವವರು. ಅನಾಹುತವಾದರೆ ಪರಿಹಾರಕ್ಕೆ ಅಂತ 2010ರಲ್ಲಿ ತಂದ ಕಾಯ್ದೆಯಲ್ಲಿ ಸ್ಥಾವರ ನಡೆಸುವವರ ಹೊಣೆಗೆ 1,500 ಕೋಟಿ ರೂಪಾಯಿ ಮಿತಿ ಇಟ್ಟಿದ್ದರು. ಮೂಡಿಗೆರೆ, ಸಕಲೇಶಪುರ ಎರಡೇ ತಾಲ್ಲೂಕಿನ ತೋಟಗಳನ್ನು ಎದುರಿಗಿಟ್ಟುಕೊಂಡು ಆ ಮೊತ್ತ ಸಾಕಾ ನೋಡಿ. ಅಪಾಯ ಇಲ್ಲ ಅನ್ನುವವರು ಹೊಣೆಗೆ ಮಿತಿ ಕೇಳುವುದು ಯಾಕೆ?

ಈಗ ಕರೆಂಟಿನ ಮಾತಿಗೆ ಬರುತ್ತೇನೆ. ಅರಸೀಕೆರೆಯ ಆ ಹುಡುಗನ ಕಥೆ ಕೇಳಿ ನನಗೂ ಸಂಕಟವಾಯಿತು. ಆದರೆ ಮಲೆನಾಡಿನಲ್ಲಿ ನಮ್ಮ ಮನೆಗಳು ಕತ್ತಲಾಗುವುದು ಕರೆಂಟ್ ಉತ್ಪಾದನೆ ಕಮ್ಮಿಯಾಗಿ ಅಲ್ಲ. ಜೂನ್ ಗಾಳಿಗೆ ಸಿಲ್ವರ್ ಮರ ಲೈನ್ ಮೇಲೆ ಬೀಳುತ್ತದೆ, ಕಂಬ ಮುರಿಯುತ್ತದೆ, ಲೈನ್‌ಮ್ಯಾನ್ ಒಬ್ಬನೇ ಹತ್ತು ಊರಿಗೆ. ಕಳೆದ ಮಳೆಗಾಲದಲ್ಲಿ ನಾಲ್ಕು ದಿನ ಹಾಗೇ ಕೂತಿದ್ದೆವು. ಉಡುಪಿಯ ಕಲ್ಲಿದ್ದಲು ಸ್ಥಾವರದಿಂದ ಹಾಸನದ ಶಾಂತಿಗ್ರಾಮಕ್ಕೆ 400 ಕೆವಿ ಲೈನ್ ಘಟ್ಟ ಹತ್ತಿ ಬಂದಿದೆ. ಅದಕ್ಕೆ ದಾರಿ ಬಿಡಲು ಎಷ್ಟೋ ಮರ ಹೋದವು. ಆ ಲೈನಿನ ಕೆಳಗೆ ಇರುವವರ ಮನೆಯಲ್ಲೂ ಜುಲೈನಲ್ಲಿ ಸೀಮೆಎಣ್ಣೆ ಬುಡ್ಡಿ. ಇನ್ನೂ 1,400 ಮೆಗಾವಾಟ್ ಬಂದರೆ ನಮ್ಮ ಕಂಬ ಗಟ್ಟಿಯಾಗುತ್ತದೆಯಾ?

ಸೋಲಾರ್ ಸಂಜೆ ಮಲಗುತ್ತದೆ, ನಿಜ. ನಮ್ಮ ಗೋಡೌನಿನ ಮೇಲೆ ಹಾಕಿಸಿರುವ ಪ್ಯಾನೆಲ್ ಜೂನ್‌ನಿಂದ ಆಗಸ್ಟ್ ತನಕ ಕೊಡುವುದು ತೀರ ಕಮ್ಮಿ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ನನಗೆ ಮೋಟಾರ್ ಬೇಕಾಗುವುದು ಯಾವಾಗ? ಫೆಬ್ರವರಿ, ಮಾರ್ಚ್‌ನಲ್ಲಿ. ಹೂವು ಅರಳಿಸುವ ಹೂಮಳೆ ಬರದಿದ್ದರೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಆಗ ಬಿಸಿಲು ನೆತ್ತಿ ಸುಡುತ್ತಿರುತ್ತದೆ. ಮಳೆಗಾಲದಲ್ಲಿ ಸೂರ್ಯ ಇಲ್ಲ ಅಂದರೆ ಗಾಳಿ ಇದೆ. ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಜೋರಾಗಿ ತಿರುಗುವುದೇ ಮುಂಗಾರಿನಲ್ಲಿ. ಅದೇ ಹೊತ್ತಿಗೆ ಈಗಾಗಲೇ ಕಟ್ಟಿರುವ ಕಟ್ಟೆಗಳು ತುಂಬುತ್ತವೆ. ಸಂಜೆಯ ಹೊತ್ತಿಗೆ ಬ್ಯಾಟರಿ ಬೇಕು, ಅದಕ್ಕೆ ದುಡ್ಡು ಹಾಕಲಿ. ಪಾವಗಡದ ರೈತರ ನೆಲ ಇನ್ನೂ ಅವರ ಹೆಸರಿನಲ್ಲೇ ಇದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಬಾಡಿಗೆಗೆ ಕೊಟ್ಟರು. ಬೇಡ ಅಂದ ದಿನ ಪ್ಯಾನೆಲ್ ಬಿಚ್ಚಿ ರಾಗಿ ಬಿತ್ತಬಹುದು. ಅಣುಸ್ಥಾವರ ನಿಂತ ನೆಲದಲ್ಲಿ ಹಾಗೆ ಮಾಡಲು ಆಗುವುದಿಲ್ಲ.

ಬೇಗ ಬೇಕು ಅಂದರೂ ಅಣು ಬೇಗ ಬರುವುದಿಲ್ಲ. ಕೈಗಾದಲ್ಲಿ 1989ರಲ್ಲಿ ಕೆಲಸ ಶುರುವಾಗಿ ಕರೆಂಟ್ ಬಂದದ್ದು 1999ರ ಕೊನೆಗೆ. ತಮಿಳುನಾಡಿನ ಕಲ್ಪಾಕ್ಕಂನ 500 ಮೆಗಾವಾಟ್ ಫಾಸ್ಟ್ ಬ್ರೀಡರ್ ರಿಯಾಕ್ಟರ್ ಕಟ್ಟಲು ಶುರು ಮಾಡಿದ್ದು 2004ರಲ್ಲಿ, ಮುಗಿಯಬೇಕಿದ್ದದ್ದು 2010ಕ್ಕೆ. 2024 ಮುಗಿದರೂ ಅದು ಕರೆಂಟ್ ಕೊಟ್ಟಿರಲಿಲ್ಲ. ಪಾವಗಡದ್ದು 2018ಕ್ಕೆ ಮೊದಲ ಹಂತ, 2019 ಮುಗಿಯುವಷ್ಟರಲ್ಲಿ ಪೂರ್ತಿ.

ಈಗ ಇರುವ ನಾಲ್ಕನ್ನು ನಾಳೆಯೇ ಮುಚ್ಚಿ ಅಂತ ನಾನು ಹೇಳುತ್ತಿಲ್ಲ. ಇದ್ದದ್ದನ್ನು ಚೆನ್ನಾಗಿ ನಡೆಸಿ, ಕಸ ಎಲ್ಲಿ, ಎಷ್ಟು, ಯಾರ ಹೊಣೆ ಅಂತ ಕನ್ನಡದಲ್ಲಿ ಬರೆದು ಕೊಡಿ. ಹೊಸದು ಬೇಡ.

ಹೋದ ತಿಂಗಳು ತಮ್ಮ ಮನೆಗೆ ಬಂದಿದ್ದಾಗ ವಿಕಿರಣ ಅಳೆಯುವ ಒಂದು ಸಣ್ಣ ಮೀಟರ್ ತಂದಿದ್ದ. ಕಾಫಿ ಕಣದಲ್ಲಿ, ತೋಟದಲ್ಲಿ, ಹಳ್ಳದ ಬಂಡೆಯ ಮೇಲೆ ಇಟ್ಟು ಅಳೆದೆವು. ಎಲ್ಲ ಕಡೆ ಮಾಮೂಲಿಯೇ ಇತ್ತು, ಬಂಡೆಯ ಮೇಲೆ ಮಾತ್ರ ಸ್ವಲ್ಪ ಜಾಸ್ತಿ. “ನೋಡಿದ್ಯಾ ಅಕ್ಕ, ಹೆದರುವಂಥದ್ದು ಏನೂ ಇಲ್ಲ” ಅಂದ. “ಇವತ್ತು ಇಲ್ಲ ಕಣೋ, ಬರೆದಿಡೋಣ” ಅಂದೆ. ಮಳೆ ಪುಸ್ತಕದಲ್ಲಿ ಆ ದಿನದ ಇಂಚು ಸೆಂಟ್ಸ್ ಪಕ್ಕ ಸ್ಕೇಲ್ ಇಟ್ಟು ಒಂದು ಗೆರೆ ಎಳೆದೆ. ಅಂಕಿಯನ್ನು ಅವನ ಕೈಯಲ್ಲೇ ಬರೆಸಿ, ಕೆಳಗೆ ತಾರೀಕು ಹಾಕಿಸಿದೆ. ಮೀಟರನ್ನು ಇಲ್ಲೇ ಬಿಟ್ಟು ಹೋಗು ಅಂತ ಹೇಳಿದೆ. ಬಿಟ್ಟು ಹೋಗಿದ್ದಾನೆ.